ಹೊಟ್ಟೆ ಪರೀಕ್ಷೆ: ಮೊದಲು ಕಿವಿಯೋ, ಕೈಯೋ? (ಹಾಸನ–ಚಿಕ್ಕಮಗಳೂರು ನರ್ಸಿಂಗ್ ಬಳಗ)

ಬೇಲೂರು ಹುಡುಗಿ
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಹೆಲ್ತ್ ಅಸೆಸ್‌ಮೆಂಟ್ ಪ್ರಾಕ್ಟಿಕಲ್. ಹೊಟ್ಟೆ ಬಂದೇ ಬರುತ್ತೆ ಅಂತ ಸೀನಿಯರ್ಸ್ ಹೇಳ್ತಿದ್ದಾರೆ. ಲ್ಯಾಬಲ್ಲಿ ನಮಗೆ ಕಲಿಸಿದ್ದು ನೋಡು, ಕೇಳು, ತಟ್ಟು, ಮುಟ್ಟು. ವಾರ್ಡಲ್ಲಿ ಹೌಸ್ ಸರ್ಜನ್‌ಗಳು ಮೊದಲು ಮುಟ್ಟಿ, ಆಮೇಲೆ ತಟ್ಟಿ, ಸ್ಟೆತ್ ಕೊನೆಗೆ ಇಡ್ತಾರೆ. ಯಾವುದು ಸರಿ? ಇನ್ನೊಂದು ಡೌಟು: ಕರುಳಿನ ಸದ್ದು ಕೇಳಿಸದೇ ಹೋದ್ರೆ ನಾಲ್ಕೂ ಭಾಗದಲ್ಲಿ 5 ನಿಮಿಷದಂತೆ 20 ನಿಮಿಷ ನಿಂತಿರಬೇಕಾ?

ಹೇಮಾವತಿ ದಂಡೆ
ವಾರ್ಡಿನಲ್ಲಿ ಎರಡೂ ನಡೆಯುತ್ತದೆ, ನಿಮ್ಮ ಪ್ರಾಕ್ಟಿಕಲ್‌ನಲ್ಲಿ ಒಂದೇ ನಡೆಯುತ್ತದೆ. ನೋಡು, ಕೇಳು, ತಟ್ಟು, ಮುಟ್ಟು ಎಂದೇ ಮಾಡಿ. ಎಂಬಿಬಿಎಸ್‌ನವರಿಗೆ ಕಲಿಸುವ ಕ್ರಮ ಬೇರೆ, ಅದನ್ನು ತಪ್ಪು ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೇಳಲು ಹೋಗಬೇಡಿ.

ಕಾರಣ ಕೇಳಿದರೆ ಎಲ್ಲರೂ ಒಂದನ್ನೇ ಹೇಳುತ್ತಾರೆ: ಒತ್ತಿದರೆ ಕರುಳು ಕೆರಳಿ ಸದ್ದು ಬದಲಾಗುತ್ತದೆ. ಅದನ್ನು ಹೇಳಿ, ಆದರೆ ಅದಕ್ಕೆ ಗಟ್ಟಿ ಪುರಾವೆ ಕಡಿಮೆ. ನನ್ನ ಲೆಕ್ಕಕ್ಕೆ ಇನ್ನೆರಡು ಕಾರಣಗಳು ಹೆಚ್ಚು ತೂಕದವು. ನೋವಿರುವ ಜಾಗವನ್ನು ಒಮ್ಮೆ ಒತ್ತಿಬಿಟ್ಟರೆ ಹೊಟ್ಟೆ ಬಿಗಿಯುತ್ತದೆ, ಆಮೇಲೆ ರೋಗಿ ಏನನ್ನೂ ನೆಮ್ಮದಿಯಾಗಿ ಮಾಡಲು ಬಿಡುವುದಿಲ್ಲ. ಎರಡನೆಯದು, ಹೊಕ್ಕಳ ಮೇಲೆ ಮಿಡಿಯುವ ಗಡ್ಡೆಯೋ ಅಯೋರ್ಟಾದ (ಮುಖ್ಯ ರಕ್ತನಾಳದ) ಮೇಲೆ ಬ್ರೂಯಿಯೋ (ರಕ್ತ ಹರಿಯುವ ಸುಯ್ ಸದ್ದೋ) ಇದ್ದರೆ ಅದು ಕೈ ಹಾಕುವ ಮೊದಲೇ ಗೊತ್ತಾಗಬೇಕು. ಅಂಥ ಹೊಟ್ಟೆಯನ್ನು ಆಳವಾಗಿ ಒತ್ತುವಂತಿಲ್ಲ.

5 ನಿಮಿಷದ ವಿಷಯ: ಸದ್ದು ಹೊಟ್ಟೆಯ ತುಂಬ ಹರಡುತ್ತದೆ. ಬಲ ಕೆಳಭಾಗದಲ್ಲಿ, ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಕಡೆ, ಸ್ಟೆತ್‌ನ ಡಯಾಫ್ರಮ್ (ಅಗಲದ ಚಪ್ಪಟೆ ಬದಿ) ಹಗುರವಾಗಿ ಇಟ್ಟು ಶುರು ಮಾಡಿ. ಅಲ್ಲಿ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಮಾಮೂಲಿ ಲೆಕ್ಕ ನಿಮಿಷಕ್ಕೆ 5ರಿಂದ 30, ಕೆಲವು ಪಠ್ಯಗಳಲ್ಲಿ 34ರವರೆಗೆ. ಗುಳುಗುಳು ಸದ್ದು ಒಂದೇ ಅಂತರದಲ್ಲಿ ಬರುವುದಿಲ್ಲ, ಹಾಗಾಗಿ 15 ಸೆಕೆಂಡ್ ಕೇಳಿ ನಾಲ್ಕರಿಂದ ಗುಣಿಸುವ ನಾಡಿ ಲೆಕ್ಕ ಇಲ್ಲಿ ಬೇಡ. ಇಡೀ ಒಂದು ನಿಮಿಷ ಕೇಳಿ. ಏನೂ ಕೇಳದಿದ್ದರೆ ಒಟ್ಟು 5 ನಿಮಿಷ ಪೂರ್ತಿ ಕೇಳಿದ ಮೇಲೆಯೇ "ಸದ್ದಿಲ್ಲ" ಎಂದು ಬರೆಯಬೇಕು. ಪ್ರತಿ ಭಾಗಕ್ಕೂ 5 ನಿಮಿಷ ಎನ್ನುವ ಪಠ್ಯವೂ ಇದೆ, ನಿಮ್ಮ ಕಾಲೇಜು ಯಾವುದನ್ನು ಹಿಡಿದಿದೆ ಎಂದು ಚೆಕ್‌ಲಿಸ್ಟ್ ನೋಡಿಕೊಳ್ಳಿ. ಪರೀಕ್ಷಕರ ಮುಂದೆ ಬಾಯಲ್ಲಿ ಹೇಳಿದರೆ ಸಾಕು, ಯಾರೂ ಅಷ್ಟು ಹೊತ್ತು ನಿಲ್ಲಿಸುವುದಿಲ್ಲ.

ಸರ್ಜಿಕಲ್ ನೈಟ್ ಡ್ಯೂಟಿ
ಮೂಗಿನ ಟ್ಯೂಬ್ ಇದ್ದು ಸಕ್ಷನ್ ಹಾಕಿದ್ರೆ ಮೊದಲು ಅದನ್ನ ನಿಲ್ಸಿ, ಆಮೇಲೆ ಸ್ಟೆತ್ ಇಡಿ. ಮೆಷಿನ್ ಸದ್ದನ್ನೇ ಕರುಳಿನ ಸದ್ದು ಅಂತ ಚಾರ್ಟಲ್ಲಿ ಬರೆದು ಬಿಎಸ್ ಪ್ಲಸ್ (ಕರುಳಿನ ಸದ್ದು ಇದೆ) ಅನ್ನೋರು ಕಡಿಮೆ ಇಲ್ಲ. ಕೇಳಿ ಆದ ಮೇಲೆ ಸಕ್ಷನ್ ಮತ್ತೆ ಆನ್ ಮಾಡೋದು ಮರೀಬೇಡಿ, ಅದು ಇನ್ನೂ ದೊಡ್ಡ ತಪ್ಪು.

ಕಳಸದ ಸಿಸ್ಟರ್
ಬೇಲೂರು ಹುಡುಗಿ, ಕ್ರಮದ ತಲೆಬಿಸಿ ಇರ್ಲಿ ಮಾರಾಯ್ತಿ, ಅದಕ್ಕೂ ಮೊದಲಿನ ತಯಾರಿಯಲ್ಲೇ ಅರ್ಧ ಮಾರ್ಕ್ಸ್ ಹೋಗ್ತದೆ.

ಮೊದಲು ಒಂದಕ್ಕೆ ಹೋಗಿ ಬರೋಕೆ ಹೇಳು. ತುಂಬಿದ ಮೂತ್ರಕೋಶ ಕಿಬ್ಬೊಟ್ಟೆಯಲ್ಲಿ ಗಡ್ಡೆ ಥರಾನೇ ಕೈಗೆ ಸಿಗ್ತದೆ. ಅಂಗಾತ ಮಲಗಿಸಿ ತಲೆಗೆ ಒಂದು ದಿಂಬು, ಮಂಡಿ ಮಡಚಿಸಿ ಪಾದ ಹಾಸಿಗೆ ಮೇಲೆ, ಕೈ ಎರಡೂ ಪಕ್ಕದಲ್ಲಿ. ಸುಮಾರು ಜನ ಕೈ ತಲೆ ಕೆಳಗೆ ಹಾಕ್ಕೊಂಡು ಮಲಗ್ತಾರೆ, ಆಗ ಹೊಟ್ಟೆ ಸ್ನಾಯು ಎಳೆದು ಬಿಗಿ ಆಗ್ತದೆ. ಪರದೆ ಎಳಿ. ಎದೆ ಮೇಲೊಂದು ಬಟ್ಟೆ, ಸೊಂಟದ ಕೆಳಗೊಂದು ಶೀಟು. ಕಾಣಬೇಕಾದ್ದು ಎದೆಗೂಡಿನ ಕೆಳಗಿಂದ ಕಿಬ್ಬೊಟ್ಟೆ ಮೂಳೆವರೆಗೆ. ತೊಡೆಸಂದಲ್ಲಿ ಹರ್ನಿಯಾ ನೋಡುವಾಗ ಮಾತ್ರ ಅಷ್ಟು ಜಾಗ ಸರಿಸಿ ಮತ್ತೆ ಮುಚ್ಚು. ನೀನು ರೋಗಿಯ ಬಲಕ್ಕೆ ನಿಲ್ಲು.

ಮತ್ತೆ ಕೈ ಬೆಚ್ಚಗಿರ್ಲಿ. ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆ ವಾರ್ಡಲ್ಲಿ ನಲ್ಲಿ ನೀರಲ್ಲಿ ಕೈ ತೊಳೆದು ಹಾಗೇ ಹೊಟ್ಟೆ ಮೇಲಿಟ್ರೆ ಎಂಥ ಗಟ್ಟಿಗನ ಹೊಟ್ಟೆಯೂ ಹಲಗೆ ಆಗ್ತದೆ. ಅದನ್ನ ರಿಜಿಡಿಟಿ ಅಂತ ಬರೆದ್ರೆ ಸರ್ಜನ್‌ನ ಸುಮ್ನೆ ಎಬ್ಬಿಸಿದ ಹಾಗೆ. ಕೈ ಉಜ್ಜಿ ಬಿಸಿ ಮಾಡ್ಕೋ, ಸ್ಟೆತ್ ತಲೆಯನ್ನೂ ಅಂಗೈಯಲ್ಲಿ ಹಿಡ್ಕೋ. ಉಗುರು ಕತ್ತರಿಸಿರಬೇಕು, ಇಲ್ದಿದ್ರೆ ತಟ್ಟುವಾಗ ನಿನ್ನ ಬೆರಳಿಗೇ ಗಾಯ.

ಅರಸೀಕೆರೆ ಜಿಎನ್‌ಎಂ
ನನಗೆ ನಾಲ್ಕು ಭಾಗ, ಒಂಬತ್ತು ಭಾಗ ಎರಡೂ ಕಲಸಿ ಹೋಗುತ್ತೆ. ಯಾವುದನ್ನ ಯಾವಾಗ ಬಳಸ್ಬೇಕು?

ಹೇಮಾವತಿ ದಂಡೆ
ಚಾರ್ಟಿಗೆ ನಾಲ್ಕು, ವೈವಾಗೆ ಒಂಬತ್ತು. ನಾಲ್ಕು ಭಾಗಕ್ಕೆ ಹೊಕ್ಕಳ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಬಲ ಮೇಲ್ಭಾಗದಲ್ಲಿ ಲಿವರ್, ಪಿತ್ತಕೋಶ, ಡ್ಯುಯೋಡಿನಮ್, ಪ್ಯಾಂಕ್ರಿಯಾಸ್‌ನ ತಲೆ. ಎಡ ಮೇಲ್ಭಾಗದಲ್ಲಿ ಜಠರ, ಗುಲ್ಮ (ಸ್ಪ್ಲೀನ್), ಪ್ಯಾಂಕ್ರಿಯಾಸ್‌ನ ದೇಹ ಮತ್ತು ಬಾಲ. ಬಲ ಕೆಳಗೆ ಸೀಕಮ್, ಅಪೆಂಡಿಕ್ಸ್. ಎಡ ಕೆಳಗೆ ಸಿಗ್ಮಾಯ್ಡ್ ಕರುಳು. ಹೆಂಗಸರಲ್ಲಿ ಕೆಳಗಿನ ಎರಡೂ ಕಡೆ ಅಂಡಾಶಯ ಮತ್ತು ನಾಳ. ಕಿಡ್ನಿಗಳು ಹೊಟ್ಟೆಯ ಒಳಪೊರೆಯ ಹಿಂದೆ, ಬೆನ್ನಿಗಂಟಿ. ಲಿವರ್ ಮೇಲೆ ಕುಳಿತಿರುವುದರಿಂದ ಬಲ ಕಿಡ್ನಿ ಎಡದ್ದಕ್ಕಿಂತ ತುಸು ಕೆಳಗೆ. ತೆಳ್ಳಗಿನವರಲ್ಲಿ ಬಲದ್ದರ ಕೆಳತುದಿ ಕೈಗೆ ಸಿಕ್ಕರೆ ಗಾಬರಿ ಬೇಡ.

ಒಂಬತ್ತಕ್ಕೆ ಎರಡು ಉದ್ದಗೆರೆ ಕೊರಳೆಲುಬಿನ ಮಧ್ಯದಿಂದ ಇಳಿಯುತ್ತವೆ. ಮೇಲಿನ ಅಡ್ಡಗೆರೆ ಪಕ್ಕೆಲುಬಿನ ಅಂಚಿನ ಕೆಳಗೆ, ಕೆಳಗಿನದು ಸೊಂಟದ ಮೂಳೆಯ ಎರಡು ಗುಬ್ಬಿಗಳನ್ನು ಸೇರಿಸಿ, ಐದನೇ ಲಂಬಾರ್ ಎಲುಬಿನ ಮಟ್ಟದಲ್ಲಿ. ಹೆಸರು ಉರು ಹೊಡೆಯುವುದಕ್ಕಿಂತ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಇದರ ಮೇಲೆ ಕೂರಿಸಿ. ಜಠರ, ಪಿತ್ತಕೋಶದ ನೋವು ಮೇಲ್ಹೊಟ್ಟೆಯಲ್ಲಿ, ಸಣ್ಣಕರುಳು, ಅಪೆಂಡಿಕ್ಸ್‌ನದು ಹೊಕ್ಕಳ ಸುತ್ತ, ದೊಡ್ಡಕರುಳಿನ ಕೊನೆ ಭಾಗದ್ದು ಕಿಬ್ಬೊಟ್ಟೆಯಲ್ಲಿ. ಅಪೆಂಡಿಕ್ಸ್ ಊದಿದಾಗ ನೋವು ಹೊಕ್ಕಳಲ್ಲಿ ಶುರುವಾಗಿ, ಊತ ಹೊಟ್ಟೆಯ ಒಳಪೊರೆಗೆ ತಾಗಿದಾಗ ಬಲ ಕೆಳಗೆ ಬಂದು ನಿಲ್ಲುತ್ತದೆ. ಆ ನಿಲ್ಲುವ ಜಾಗವೇ ಮ್ಯಾಕ್‌ಬರ್ನಿ ಬಿಂದು: ಬಲ ಸೊಂಟದ ಮೂಳೆಯ ಮುಂದಿನ ತುದಿಯಿಂದ ಹೊಕ್ಕಳಿಗೆ ಗೆರೆ ಎಳೆದರೆ, ಮೂಳೆ ಕಡೆಯಿಂದ ಮೂರರಲ್ಲೊಂದು ಪಾಲು. ಹೊಕ್ಕಳ ಕಡೆಯಿಂದ ಅಳೆಯುವುದು ವೈವಾದಲ್ಲಿ ತೀರಾ ಸಾಮಾನ್ಯ ತಪ್ಪು.

ಕಾಫಿತೋಟ ಕ್ಯಾಶುಯಲ್ಟಿ
ಪ್ರಶ್ನೆ ಕೇಳೋದ್ರ ಬಗ್ಗೆ ಯಾರೂ ಹೇಳಿಲ್ಲ, ನಮ್ಮ ಕಡೆ ಭಾಷೆಯೇ ಅರ್ಧ ಪರೀಕ್ಷೆ. "ಸಂಕಟ ಆಗುತ್ತೆ" ಅಂದ್ರೆ ಹಾಸನ ಕಡೆ ಅದು ವಾಕರಿಕೆಯೂ ಆಗಬಹುದು, ಎದೆ ಹಿಂಡೋದೂ ಆಗಬಹುದು, ಬರೀ ಬೇಜಾರೂ ಆಗಬಹುದು. "ಎಲ್ಲಿ, ಕೈ ಇಟ್ಟು ತೋರ್ಸಿ ಅಜ್ಜಿ" ಅನ್ನಿ. ಒಂದು ಬೆರಳಲ್ಲಿ ತೋರಿಸ್ತಾರೋ, ಇಡೀ ಅಂಗೈ ಆಡಿಸ್ತಾರೋ ನೋಡಿ. ಒಂದೇ ಬೆರಳಿಗೆ ಸಿಗೋ ನೋವು ಬಹುಪಾಲು ಹೊಟ್ಟೆ ಗೋಡೆದ್ದೋ ಒಳಪೊರೆದ್ದೋ ಇರುತ್ತೆ.

"ಆಪರೇಷನ್ ಆಗಿದ್ಯಾ?" ಅಂತ ಹೆಂಗಸರನ್ನ ಕೇಳಿದ್ರೆ ಮಕ್ಕಳಾಗದ ಆಪರೇಷನ್ ಅಂತ ತಿಳ್ಕೊಂಡು ಹೂಂ ಅಂತಾರೆ. ಅಥವಾ ಅದೊಂದನ್ನ ಲೆಕ್ಕಕ್ಕೇ ಹಿಡಿಯದೆ ಇಲ್ಲ ಅಂತಾರೆ. "ಹೊಟ್ಟೆ ಕುಯ್ದು ಏನಾದ್ರೂ ಮಾಡಿದ್ರಾ, ಹೆರಿಗೆ ಆಪರೇಷನ್ನಾ, ಫ್ಯಾಮಿಲಿ ಪ್ಲಾನಿಂಗಾ?" ಅಂತ ಬಿಡಿಸಿ ಕೇಳಿ. ಹಳೇ ಗಾಯ ಇರೋ ಹೊಟ್ಟೆ ಉಬ್ಬಿ ವಾಂತಿ ಶುರುವಾದ್ರೆ ಅಂಟಿಕೊಂಡ ಕರುಳಿನ ಅಡಚಣೆ ಮೊದಲು ತಲೆಗೆ ಬರಬೇಕು.

ಕಪ್ಪು ಮಲ ಅಂದ್ರೆ ತಕ್ಷಣ ರಕ್ತ ಅನ್ಕೋಬೇಡಿ, ಕಬ್ಬಿಣದ ಮಾತ್ರೆ ನುಂಗ್ತಿದ್ದಾರಾ ಕೇಳಿ. ಮಾತ್ರೆದ್ದು ಹಸಿರು ಮಿಶ್ರಿತ ಕಪ್ಪು, ಗಟ್ಟಿ. ರಕ್ತದ್ದು ಡಾಂಬರ್ ಥರ ಅಂಟು, ವಾಸನೆ ತಡಿಯೋಕಾಗಲ್ಲ.

ಇನ್ನು "ಗ್ಯಾಸ್ಟ್ರಿಕ್" ಅನ್ನೋ ಪದ. ಮೇಲ್ಹೊಟ್ಟೆ ಉರಿ ಜೊತೆ ಬೆವರು, ಸುಸ್ತು, ದವಡೆಗೋ ತೋಳಿಗೋ ಸೆಳೆತ ಇದ್ರೆ ಹೊಟ್ಟೆ ತಟ್ಕೊಂಡು ಕೂರಬೇಡಿ, ಬಂದ 10 ನಿಮಿಷದೊಳಗೆ ಇಸಿಜಿ ಆಗ್ಬೇಕು. ಹೃದಯದ ಕೆಳಗೋಡೆಯ ಇನ್‌ಫಾರ್ಕ್ಷನ್ (ಹೃದಯಾಘಾತ) ಎಷ್ಟೋ ಸಲ ಬರೋದು ಮೇಲ್ಹೊಟ್ಟೆ ನೋವು, ವಾಂತಿ ವೇಷದಲ್ಲಿ. 2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ರಾಜ್ಯ ಎಲ್ಲಾ ಸುತ್ತಿದ ಮೇಲೂ ಒಂದು ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಹಾಕಿ ಮನೆಗೆ ಕಳ್ಸಿ ಅನ್ನೋರು ಇದ್ದಾರೆ. ಸಕ್ಕರೆ ಕಾಯಿಲೆಯವರು, ವಯಸ್ಸಾದ ಹೆಂಗಸರು ಎಷ್ಟೋ ಸಲ ಎದೆ ನೋವು ಅಂತ ಹೇಳೋದೇ ಇಲ್ಲ.

ಬೇಲೂರು ಹುಡುಗಿ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನೋಡೋ ಹಂತದಲ್ಲಿ ಏನೇನು ಹೇಳ್ಬೇಕು? ನಮ್ಮ ಬ್ಯಾಚಲ್ಲಿ ಎಲ್ಲರೂ "ಹೊಟ್ಟೆ ನಾರ್ಮಲ್" ಅಂತ ಹೇಳಿ ಮುಂದೆ ಹೋಗ್ತಾರೆ.

ಕಳಸದ ಸಿಸ್ಟರ್
ನಾರ್ಮಲ್ ಅಂತ ಬರೀಬೇಡ, ಕಂಡದ್ದನ್ನ ಬರಿ. ಮೊದಲು ಹಾಸಿಗೆ ಕಾಲ ಕಡೆಯಿಂದ ನೋಡು, ಎರಡು ಪಕ್ಕ ಸಮ ಇದೆಯಾ ಅಂತ. ಆಮೇಲೆ ಬಗ್ಗಿ ಕಣ್ಣನ್ನ ಹೊಟ್ಟೆ ಮಟ್ಟಕ್ಕೆ ತಂದು, ಬೆಳಕು ಪಕ್ಕದಿಂದ ಬೀಳೋ ಹಾಗೆ ನೋಡು. ಸಣ್ಣ ಅಲೆ, ಮಿಡಿತ ಎಲ್ಲಾ ಆಗ ಮಾತ್ರ ಕಾಣೋದು. ಸಮತಟ್ಟಾ, ಒಳಗೆ ಹೋಗಿದೆಯಾ, ಉಬ್ಬಿದೆಯಾ. ಉಬ್ಬಿದ್ರೆ ಹೊಕ್ಕಳು ಒಳಗಿದೆಯಾ, ಹೊರಗೆ ಬಂದಿದೆಯಾ. ಬೊಜ್ಜಲ್ಲಿ ಹೊಕ್ಕಳು ಆಳಕ್ಕೆ ಹೋಗ್ತದೆ, ನೀರು ತುಂಬಿದ್ರೆ ಚಪ್ಪಟೆ ಆಗ್ತದೆ ಇಲ್ಲಾ ಹೊರಗೆ ಬರ್ತದೆ, ಪಕ್ಕೆ ಎರಡೂ ತುಂಬ್ಕೊಳ್ತದೆ. ಗರ್ಭ, ಗಾಳಿ, ಮಲ, ಗಡ್ಡೆ ಇವನ್ನೂ ಉಬ್ಬರದ ಪಟ್ಟಿಗೆ ಸೇರಿಸ್ಕೋ.

ನೋಡೋಕೆ ಮುಖ್ಯವಾದ ಇನ್ನೊಂದು, ನರ ಉಬ್ಬಿದ್ರೆ ರಕ್ತ ಯಾವ ಕಡೆ ಹರೀತಿದೆ ಅನ್ನೋದು. ಹೊಕ್ಕಳ ಕೆಳಗಿನ ಒಂದು ನರದ ಮೇಲೆ ಎರಡು ತೋರುಬೆರಳು ಒಟ್ಟಿಗೆ ಇಟ್ಟು ರಕ್ತ ಹಿಂಡೋ ಹಾಗೆ ಎರಡು ಕಡೆ ಸರಿಸಿ, ಒಂದು ಬೆರಳು ಎತ್ತು. ಬೇಗ ತುಂಬಿತಾ? ಮತ್ತೆ ಹಿಂಡಿ ಇನ್ನೊಂದು ಬೆರಳು ಎತ್ತು. ಲಿವರ್ ಕಾಯಿಲೆಯಲ್ಲಿ ರಕ್ತ ಹೊಕ್ಕಳಿಂದ ದೂರ ಹೋಗ್ತದೆ, ಅಂದ್ರೆ ಕೆಳಗಿನ ನರದಲ್ಲಿ ಕೆಳಮುಖ. ಕೆಳಗಿಂದ ಹೃದಯಕ್ಕೆ ರಕ್ತ ಒಯ್ಯೋ ದೊಡ್ಡ ಅಭಿಧಮನಿ (ಐವಿಸಿ) ಕಟ್ಟಿದ್ರೆ ಅದೇ ನರದಲ್ಲಿ ಮೇಲ್ಮುಖ. ಹೊಕ್ಕಳ ಮೇಲಿನ ನರದಲ್ಲಿ ನೋಡಿದ್ರೆ ಎರಡರಲ್ಲೂ ಮೇಲ್ಮುಖವೇ, ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಕೆಳಗೆ ನೋಡೋದು.

ಮಕ್ಕಳ ಹೊಟ್ಟೆ ಮೇಲೆ ಬರೆ ಹಾಕಿದ ಗುರುತು ಕಂಡ್ರೆ ಅಮ್ಮನ್ನ ಬೈಬೇಡ, ಯಾವಾಗ, ಯಾಕೆ ಹಾಕ್ಸಿದ್ದು ಅಂತ ಕೇಳು. ಎಷ್ಟು ದಿನದಿಂದ ಹುಷಾರಿಲ್ಲ ಅನ್ನೋದು ಆ ಉತ್ತರದಲ್ಲೇ ಸಿಗ್ತದೆ.

ಕೊನೆಗೆ ಕೆಮ್ಮಿಸು. ತೊಡೆಸಂದು, ಹೊಕ್ಕಳು, ಹಳೇ ಗಾಯ ಈ ಮೂರರ ಮೇಲೆ ಕಣ್ಣಿರ್ಲಿ.

ಸರ್ಜಿಕಲ್ ನೈಟ್ ಡ್ಯೂಟಿ
ಕೆಮ್ಮಿಸೋದ್ರಲ್ಲಿ ಇನ್ನೊಂದು ಲಾಭ ಇದೆ. ಕೆಮ್ಮಿದ ತಕ್ಷಣ ರೋಗಿ ಮುಖ ಕಿವುಚಿ ಒಂದು ಜಾಗ ಹಿಡ್ಕೊಂಡ್ರೆ ಒಳಪೊರೆ ಕೆರಳಿದೆ ಅಂತರ್ಥ. ಅಷ್ಟು ಗೊತ್ತಾದ ಮೇಲೆ ರೀಬೌಂಡ್ ಮಾಡಿ ಮತ್ತೆ ನೋಯಿಸೋದ್ಯಾಕೆ? ಸ್ಟೂಡೆಂಟ್ಸ್ ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಬಂದು ಅಪೆಂಡಿಕ್ಸ್ ಹುಡುಗನ ಹೊಟ್ಟೆ ಒತ್ತಿ ಬಿಡೋದು ನೋಡೋಕಾಗಲ್ಲ.

ಹೇಮಾವತಿ ದಂಡೆ
ಒಪ್ಪುತ್ತೇನೆ, ಆದರೆ ಸಿಲಬಸ್‌ನಲ್ಲಿ ಇರುವುದರಿಂದ ವಿಧಾನ ಗೊತ್ತಿರಬೇಕು: ನೋವಿಲ್ಲದ ಕಡೆ ನಿಧಾನವಾಗಿ ನೇರ ಒತ್ತಿ, ಥಟ್ಟನೆ ಬಿಡುವುದು. ಒತ್ತಿದಾಗಲೋ ಬಿಟ್ಟಾಗಲೋ ಹೆಚ್ಚು ನೋವು, ಎಲ್ಲಿ ನೋವು ಎಂದು ಕೇಳುವುದು. ಎಡ ಕೆಳಗೆ ಒತ್ತಿದಾಗ ಬಲ ಕೆಳಗೆ ನೋವು ಬಂದರೆ ಅದು ರೋವ್‌ಸಿಂಗ್ ಚಿಹ್ನೆ. ಪರೀಕ್ಷಕರಿಗೆ "ಇದನ್ನು ಕೊನೆಯಲ್ಲಿ, ಒಮ್ಮೆ ಮಾತ್ರ ಮಾಡುತ್ತೇನೆ, ಹಗುರವಾಗಿ ತಟ್ಟಿದಾಗಲೇ ನೋವಿದ್ದರೆ ಮಾಡುವುದೇ ಇಲ್ಲ" ಎಂದು ಹೇಳಿ. ಅಷ್ಟು ಹೇಳಿದವರಿಗೆ ಮಾರ್ಕ್ಸ್ ಕಡಿಯುವ ಪರೀಕ್ಷಕರು ಕಡಿಮೆ.

ಅರಸೀಕೆರೆ ಜಿಎನ್‌ಎಂ
ತಟ್ಟೋದು ನನಗೆ ಬರೋದೇ ಇಲ್ಲ. ಸದ್ದೇ ಬರಲ್ಲ, ಬರೀ ಟಪ್ ಟಪ್.

ಹೇಮಾವತಿ ದಂಡೆ
ಎಡಗೈ ನಡುಬೆರಳೊಂದೇ ಹೊಟ್ಟೆಗೆ ಒತ್ತಿಕೊಂಡಿರಬೇಕು, ಉಳಿದ ಬೆರಳು, ಅಂಗೈ ಎತ್ತಿರಲಿ. ಅವು ತಾಗಿದರೆ ಸದ್ದು ಸತ್ತುಹೋಗುತ್ತದೆ, ನಿಮ್ಮ ಟಪ್ ಟಪ್‌ಗೆ ಇದೇ ಕಾರಣ ಇರಬೇಕು. ಆ ಬೆರಳಿನ ತುದಿಯ ಗೆಣ್ಣಿನ ಮೇಲೆ ಬಲಗೈ ನಡುಬೆರಳ ತುದಿಯಿಂದ ಹೊಡೆಯಿರಿ, ಮೊಳಕೈ ಅಲ್ಲಾಡದೆ ಮಣಿಕಟ್ಟಿನಿಂದ. ಹೊಡೆದ ತಕ್ಷಣ ಎತ್ತಬೇಕು, ಒಂದು ಜಾಗಕ್ಕೆ ಎರಡೇ ಪೆಟ್ಟು. ಮನೆಯಲ್ಲಿ ಅಕ್ಕಿ ಡಬ್ಬಿಯ ಮೇಲೆ ಅಭ್ಯಾಸ ಮಾಡಿ: ಅಕ್ಕಿ ಎಲ್ಲಿಯವರೆಗೆ ಇದೆ ಎಂದು ಹೊರಗಿಂದ ತಟ್ಟಿ ಹೇಳುವುದು, ಮುಚ್ಚಳ ತೆಗೆದು ನೋಡುವುದು. ಡಬ್ಬಿಯ ಖಾಲಿ ಭಾಗದ ಟೊಳ್ಳು ಸದ್ದೇ ಗಾಳಿ ತುಂಬಿದ ಕರುಳಿನ ಸದ್ದು. ಅಕ್ಕಿ ಇರುವ ಕಡೆಯ ಮಂದ ಸದ್ದು ಲಿವರ್‌ನದು, ನೀರಿನದು, ತುಂಬಿದ ಮೂತ್ರಕೋಶದ್ದು.

ಲಿವರ್‌ಗೆ ಬಲ ಕೊರಳೆಲುಬಿನ ಮಧ್ಯದ ಗೆರೆ ಹಿಡಿಯಿರಿ. ಎದೆಯ ಮೇಲಿಂದ ಇಳಿಯುತ್ತ ಟೊಳ್ಳು ಸದ್ದು ಮಂದವಾಗುವಲ್ಲಿ ಒಂದು ಗುರುತು, ಸಾಮಾನ್ಯವಾಗಿ ಐದು ಅಥವಾ ಆರನೇ ಪಕ್ಕೆಲುಬಿನ ಸಂದು. ಹೊಕ್ಕಳ ಮಟ್ಟದಿಂದ ಮೇಲೇರುತ್ತ ಮಂದವಾಗುವಲ್ಲಿ ಇನ್ನೊಂದು. ನಡುವಿನ ಅಂತರ 6ರಿಂದ 12 ಸೆಂ.ಮೀ. ಇದ್ದರೆ ಸರಿ. ಪಕ್ಕೆ ಕೆಳಗೆ ಲಿವರ್ ಕೈಗೆ ಸಿಕ್ಕಿತು ಎಂದ ಮಾತ್ರಕ್ಕೆ ದೊಡ್ಡದಾಗಿದೆ ಎನ್ನಬೇಡಿ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಅದು ಕೆಳಕ್ಕೆ ತಳ್ಳಲ್ಪಟ್ಟಿರುತ್ತದೆ ಅಷ್ಟೇ, ಅಳತೆ ಸರಿಯಾಗಿಯೇ ಇರುತ್ತದೆ.

ಕಾಫಿತೋಟ ಕ್ಯಾಶುಯಲ್ಟಿ
ಗುಲ್ಮ ತಟ್ಟುವಾಗ ಊಟದ ಸಮಯ ನೋಡ್ಕೊಳ್ಳಿ. ಎಡ ಪಕ್ಕೆ ಕೆಳಗೆ ಟೊಳ್ಳು ಸದ್ದು ಬರೋದು ಜಠರದಲ್ಲಿ ಗಾಳಿ ಇದ್ರೆ ಮಾತ್ರ. ಎರಡು ಮುದ್ದೆ ಸೊಪ್ಪಿನ ಸಾರಲ್ಲಿ ಉಂಡು ಮಲಗಿದವರನ್ನ ತಟ್ಟಿದ್ರೆ ಹಾಸನ ಜಿಲ್ಲೆಲಿ ಎಲ್ಲರ ಗುಲ್ಮಾನೂ ದೊಡ್ಡದೇ. ಕನಿಷ್ಠ 2 ಗಂಟೆ ಬಿಡಿ.

ಬೇಲೂರು ಹುಡುಗಿ
ಈಗ ಮುಟ್ಟೋದಕ್ಕೆ ಬರ್ತೀನಿ. ಲಿವರ್ ಅಂಚು ಯಾರ ಹೊಟ್ಟೆಯಲ್ಲೂ ನನಗೆ ಸಿಕ್ಕಿಲ್ಲ. ಏನು ತಪ್ಪು ಮಾಡ್ತಿದೀನಿ?

ಕಳಸದ ಸಿಸ್ಟರ್
ಆರೋಗ್ಯವಂತರಲ್ಲಿ ಸಿಗದೇ ಇರೋದೇ ಸಹಜ, ಕ್ಲಾಸ್‌ಮೇಟ್ ಹೊಟ್ಟೆಯಲ್ಲಿ ಹುಡುಕ್ತಿದ್ರೆ ಸಿಗದು! ದೊಡ್ಡದಾದ ಲಿವರ್ ಇದ್ದೂ ಸಿಗದಿದ್ರೆ ತಪ್ಪು ಎರಡರಲ್ಲಿ ಒಂದು. ಪಕ್ಕೆ ಹತ್ರವೇ ಶುರು ಮಾಡಿರ್ತೀರಿ, ನಿಮ್ಮ ಕೈ ಆಗಲೇ ಲಿವರ್ ಮೇಲೆಯೇ ಕೂತಿರ್ತದೆ, ಅಂಚು ಕೆಳಗೆಲ್ಲೋ ಇರ್ತದೆ. ಇಲ್ಲಾ, ಉಸಿರಿನ ಲಯ ತಪ್ಪಿರ್ತೀರಿ.

ಬಲ ಕೆಳಗಿಂದ ಶುರು ಮಾಡು. ಮೊಳಕೈ ಹೊಟ್ಟೆ ಮಟ್ಟಕ್ಕೇ ಇರ್ಲಿ. ಅಂಗೈ ಮಲಗಿಸಿ, ತೋರುಬೆರಳ ಪಕ್ಕ ಪಕ್ಕೆ ಅಂಚಿಗೆ ಸಮಾನಾಂತರ. "ಬಾಯಿ ತೆಗೆದು ದೀರ್ಘ ಉಸಿರು ತಗೊಳ್ಳಿ" ಅನ್ನು. ಉಸಿರು ಒಳಗೆ ಹೋಗುವಾಗ ನಿನ್ನ ಕೈ ಅಲ್ಲೇ ಗಟ್ಟಿ ನಿಲ್ಬೇಕು, ಅಂಚು ಕೆಳಗೆ ಇಳಿದು ಬಂದು ತೋರುಬೆರಳಿಗೆ ತಾಗಬೇಕು. ಉಸಿರು ಬಿಡುವಾಗ 2 ಸೆಂ.ಮೀ. ಮೇಲೆ ಸರಿಸು. ಮತ್ತೆ ಉಸಿರು. ಹೆಚ್ಚಿನವರು ಉಸಿರು ತಗೊಳ್ಳುವಾಗ ಕೈ ಸರಿಸ್ತಾರೆ, ಅದೇ ತಪ್ಪು. ಅಂಚು ಸಿಕ್ರೆ ಪಕ್ಕೆಯಿಂದ ಎಷ್ಟು ಸೆಂ.ಮೀ., ಮೆತ್ತಗೋ ಗಟ್ಟಿಯೋ, ನುಣುಪೋ ಗಂಟು ಗಂಟೋ, ನೋವಿದೆಯೋ ಅಂತ ನೋಡು. ಬೆರಳ ಲೆಕ್ಕ ಬರೀಬೇಡ, ಪ್ರತಿ ಡ್ಯೂಟಿಗೂ ಬೆರಳಿನ ದಪ್ಪ ಬೇರೆ. ಸ್ಕೇಲ್ ಇಟ್ಟು ಅಳಿ.

ಗುಲ್ಮಕ್ಕೂ ಬಲ ಕೆಳಗಿಂದಲೇ, ಎಡ ಪಕ್ಕೆ ಕಡೆ ಓರೆಯಾಗಿ. ಗುಲ್ಮ ಬೆಳೆಯೋ ದಾರಿ ಅದೇ. ಸಾಮಾನ್ಯ ಗಾತ್ರದ ಎರಡು–ಮೂರು ಪಟ್ಟು ಆದ್ರೆ ಮಾತ್ರ ಕೈಗೆ ಸಿಗೋದು.

ಸರ್ಜಿಕಲ್ ನೈಟ್ ಡ್ಯೂಟಿ
ಅದಕ್ಕೂ ಮೊದಲು ಹಗುರ ಸ್ಪರ್ಶ ಇದೆ, ಅದನ್ನ ಬಿಟ್ಟು ನೇರ ಆಳಕ್ಕೆ ಇಳೀಬೇಡಿ. ಹಗುರ ಅಂದ್ರೆ 1 ಸೆಂ.ಮೀ., ಆಳ ಅಂದ್ರೆ 5ರಿಂದ 8. ಬೆರಳ ತುದಿಯಿಂದ ಚುಚ್ಚಬೇಡಿ, ಬೆರಳ ಒಳಮೈಯಿಂದ ಒತ್ತಿ. ನೋವಿನ ಜಾಗದ ಎದುರು ಮೂಲೆಯಿಂದ ಶುರು, ನೋವಿನ ಜಾಗ ಕೊನೆಗೆ. ಕಣ್ಣು ಕೈ ಮೇಲಲ್ಲ, ರೋಗಿ ಮುಖದ ಮೇಲೆ. ಒಕ್ಕಲುತನದ ಯಜಮಾನರು ಬಾಯಿಬಿಟ್ಟು ನೋವು ಅನ್ನಲ್ಲ, ಹುಬ್ಬು ಗಂಟಾಗುತ್ತೆ ಅಷ್ಟೇ.

ಬಿಗಿ ಇದ್ರೆ ಬೇಕಂತ ಬಿಗಿ ಹಿಡಿದಿದ್ದೋ ತಾನಾಗೇ ಆಗಿದ್ದೋ ನೋಡ್ಬೇಕು. ಮಾತಾಡಿಸಿ, ಬಾಯಲ್ಲಿ ಉಸಿರಾಡೋಕೆ ಹೇಳಿ, ಉಸಿರು ಬಿಡುವಾಗ ಒತ್ತಿ ನೋಡಿ. ಸಡಿಲ ಆದ್ರೆ ಹೆದರಿಕೆದ್ದು. ಯಾವಾಗ್ಲೂ ಹಲಗೆ ಥರ, ಉಸಿರಾಟಕ್ಕೂ ಅಲ್ಲಾಡ್ತಿಲ್ಲ ಅಂದ್ರೆ ಒಳಗೆ ರಂಧ್ರ ಆಗಿರಬಹುದು. ಅಲ್ಲಿಗೆ ಕೈ ತೆಗೀರಿ. ಬಾಯಿಗೆ ಏನೂ ಕೊಡಬೇಡಿ, ಬಿಪಿ, ನಾಡಿ ತಗೊಂಡು ಡಾಕ್ಟರಿಗೆ ಫೋನ್ ಮಾಡಿ. ಕಚಗುಳಿ ಇರೋರಿಗೆ ಅವರ ಕೈ ಕೆಳಗಿಟ್ಟು ಅದರ ಮೇಲೆ ನಿಮ್ಮ ಕೈ ಇಟ್ಟು ಶುರು ಮಾಡಿ.

ಮುಟ್ಟಲೇಬಾರದ್ದು: ಮಿಡಿಯೋ ಗಡ್ಡೆ ಆಳಕ್ಕೆ ಒತ್ತಬೇಡಿ. ಮಗುವಿನ ಕಿಡ್ನಿ ಗಡ್ಡೆ, ವಿಲ್ಮ್ಸ್ ಅಂತ ಅನುಮಾನ ಇದ್ರೆ ಒತ್ತಬೇಡಿ, ಬೆಡ್ ಹತ್ರ ಬೋರ್ಡನ್ನೂ ಹಾಕಿ. ಹೊಸ ಕಿಡ್ನಿ ಕಸಿ ಆದ ಹೊಟ್ಟೆ, ಜೋರು ರಕ್ತಸ್ರಾವದ ಅನುಮಾನ ಇವೂ ಅಷ್ಟೇ.

ಕಾಫಿತೋಟ ಕ್ಯಾಶುಯಲ್ಟಿ
ಅದಕ್ಕೇ ಸೇರಿಸ್ತೀನಿ. ಮೆಣಸು ಕೊಯ್ಲಿನ ಕಾಲದಲ್ಲಿ ಸಿಲ್ವರ್ ಓಕ್ ಮೇಲೆ ಏಣಿ ಹಾಕಿ ಬಿದ್ದವರು ಬರ್ತಾರೆ. ಎಡ ಪಕ್ಕೆಯ 9ರಿಂದ 11ನೇ ಎಲುಬಿನ ಮೇಲೆ ಪೆಟ್ಟಾಗಿದ್ರೆ ಅದರ ಕೆಳಗೇ ಗುಲ್ಮ ಇರೋದು. ಹೊಟ್ಟೆ ಮೆತ್ತಗಿದೆ ಅಂತ ಸಮಾಧಾನ ಬೇಡ, ಮೊದಲ ಗಂಟೆಗಳಲ್ಲಿ ಮೆತ್ತಗೇ ಇರಬಹುದು. ಎಡ ಭುಜದ ತುದಿ ನೋವು ಅಂದ್ರೆ ಭುಜ ನೋಡ್ತಾ ಕೂರಬೇಡಿ, ವಪೆ ಕೆಳಗೆ ರಕ್ತ ನಿಂತಿರಬಹುದು. 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ. ಬಿಪಿ ಬೀಳೋಕೆ ಮುಂಚೆ ನಾಡಿ ಏರುತ್ತೆ.

ಇನ್ನೊಂದು ನಮ್ಮ ಕಡೆಯದ್ದೇ: ಬೆಳೆಗೆ ಹೊಡೆಯೋ ಹುಳದ ಔಷಧಿ ಹೊಟ್ಟೆ ಸೇರಿದ ಕೇಸು. ಆರ್ಗನೋಫಾಸ್ಫರಸ್ ಆಗಿದ್ರೆ ಕರುಳು ಭರ್ಜರಿ ಸದ್ದು ಮಾಡ್ತಿರುತ್ತೆ, ಜೊಲ್ಲು, ಬೆವರು, ಭೇದಿ, ಕಣ್ಣು ಪಾಪೆ ಸೂಜಿಮೊನೆ. ಅಟ್ರೊಪಿನ್ (ಆ ವಿಷಕ್ಕೆ ಪ್ರತಿಮದ್ದು) ಹೋಗ್ತಿರುವಾಗ ನರ್ಸ್ ನೋಡ್ಬೇಕಾದ್ದು ಎದೆ ಸದ್ದು ತಿಳಿಯಾಯ್ತಾ, ನಾಡಿ 80 ದಾಟ್ತಾ, ಮೇಲಿನ ಬಿಪಿ 80 ದಾಟ್ತಾ, ಕಂಕುಳು ಒಣಗಿದೆಯಾ, ಪಾಪೆ ಸೂಜಿಮೊನೆ ಬಿಡ್ತಾ. ಜೊತೆಗೆ ಹೊಟ್ಟೆ ಮೇಲೆ ಸ್ಟೆತ್. ಸದ್ದು ಕಡಿಮೆ ಆಗೋದು ಸರಿ. ಪೂರ್ತಿ ನಿಂತು, ಜ್ವರ ಬಂದು, ರೋಗಿ ಗಾಳಿಯಲ್ಲಿ ಏನೋ ಹಿಡಿಯೋಕೆ ಶುರು ಮಾಡಿದ್ರೆ ಅಟ್ರೊಪಿನ್ ಹೆಚ್ಚಾಗಿದೆ. ಆಗ ಡ್ಯೂಟಿ ಡಾಕ್ಟರನ್ನ ಕರೀರಿ, ಡ್ರಿಪ್ ಕಡಿಮೆ ಮಾಡೋ ನಿರ್ಧಾರ ಅವರದ್ದು. ಕಿಬ್ಬೊಟ್ಟೆ ತಟ್ಟಿ ಮೂತ್ರಕೋಶ ತುಂಬಿದೆಯಾ ನೋಡಿ, ಅಟ್ರೊಪಿನ್‌ನಿಂದ ಮೂತ್ರ ಕಟ್ಟುತ್ತೆ, ರೋಗಿ ಒದ್ದಾಡೋದು ಅದಕ್ಕೂ ಇರಬಹುದು.

ಕಳಸದ ಸಿಸ್ಟರ್
ಮಳೆಗಾಲದ ಡೆಂಗಿಯನ್ನೂ ಮರೀಬೇಡಿ. ಬಿಡದ ಹೊಟ್ಟೆ ನೋವು, ನಿಲ್ಲದ ವಾಂತಿ, ಲಿವರ್ 2 ಸೆಂ.ಮೀ.ಗಿಂತ ಹೆಚ್ಚು ಇಳಿದಿರೋದು, ಹೊಟ್ಟೆಯಲ್ಲಿ ನೀರು ಇವೆಲ್ಲ ಅಪಾಯದ ಸೂಚನೆ. ಅದೂ ಜ್ವರ ಇಳಿದ ಮೇಲೆ ಬರ್ತದೆ, ಮನೆಯವರು ಹುಷಾರಾಯ್ತು ಅಂತ ಡಿಸ್ಚಾರ್ಜ್ ಕೇಳೋ ಹೊತ್ತಿಗೆ. ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ಕಾಯ್ತಾ ಕೂತು ಹೊಟ್ಟೆ ನೋಡದೇ ಇರೋದು ತಪ್ಪು.

ಅರಸೀಕೆರೆ ಜಿಎನ್‌ಎಂ
ಹೊಟ್ಟೆಯಲ್ಲಿ ನೀರಿದೆ ಅಂತ ತಿಳ್ಕೊಳ್ಳೋ ಶಿಫ್ಟಿಂಗ್ ಡಲ್‌ನೆಸ್ ಹೇಗೆ ಮಾಡೋದು ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ ಪ್ಲೀಸ್.

ಹೇಮಾವತಿ ದಂಡೆ
ಅಂಗಾತ ಮಲಗಿಸಿ ಹೊಕ್ಕಳಿಂದ ಎಡ ಪಕ್ಕೆಗೆ ತಟ್ಟುತ್ತ ಹೋಗಿ, ಬೆರಳು ಪಕ್ಕೆಗೆ ಸಮಾನಾಂತರ. ಮಂದವಾದ ಕಡೆ ಬೆರಳು ತೆಗೆಯದೆ ಅಲ್ಲೇ ಇಟ್ಟುಕೊಳ್ಳಿ. ರೋಗಿಯನ್ನು ನಿಮ್ಮ ಕಡೆಗೆ, ಅಂದರೆ ಬಲಕ್ಕೆ ಹೊರಳಿಸಿ. ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ, ನೀರು ಇಳಿದು ಕರುಳು ತೇಲಿ ಬರಲು ಅಷ್ಟು ಹೊತ್ತು ಬೇಕು. ಈಗ ಅದೇ ಜಾಗ ಟೊಳ್ಳಾದರೆ ಮಂದ ಸದ್ದು ಸರಿದಿದೆ, ಒಳಗೆ ನೀರಿದೆ ಎಂದರ್ಥ. ಕಾಯದೆ ತಟ್ಟುವುದು, ಬೆರಳು ತೆಗೆದು ಜಾಗ ಕಳೆದುಕೊಳ್ಳುವುದು ಇವೆರಡರಿಂದಲೇ ಬಹುತೇಕ ತಪ್ಪು. ಸುಮಾರು ಒಂದೂವರೆ ಲೀಟರ್ ಆದರೂ ಇರದೆ ಇದು ನಂಬುವಂತೆ ಸಿಗುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ 100 ಮಿ.ಲೀ. ಕೂಡ ಕಾಣುತ್ತದೆ. ಆದ್ದರಿಂದ ಸಿಗಲಿಲ್ಲ ಎಂದರೆ ನೀರಿಲ್ಲ ಎಂದಲ್ಲ.

ನರ್ಸ್ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬೇಕಾದ್ದು ಹೊಟ್ಟೆ ಸುತ್ತಳತೆ, ಅದೇ ಎಲ್ಲರೂ ಹಾಳು ಮಾಡುವುದು. ಬೆಳಗ್ಗೆ ಎಂಟಕ್ಕೆ 92, ಸಂಜೆ 96, ಮರುದಿನ 89 ಎಂದು ಚಾರ್ಟ್ ಇದ್ದರೆ ಅದು ರೋಗಿಯ ಏರಿಳಿತವಲ್ಲ, ಟೇಪಿನದು. ಟೇಪ್ ಬೆನ್ನ ಕೆಳಗೆ ತಿರುಚಿರಬಾರದು, ಹೊಕ್ಕಳ ಮಟ್ಟದಲ್ಲೇ ಇರಬೇಕು, ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು, ಚರ್ಮ ಅದುಮುವಂತೆ ಎಳೆಯಬಾರದು. ಎರಡೂ ಪಕ್ಕದಲ್ಲಿ ಟೇಪಿನ ಮೇಲಂಚು, ಕೆಳಂಚಿಗೆ ಪೆನ್ನಿನಿಂದ ಗೆರೆ ಹಾಕಿ, ಮುಂದಿನ ಡ್ಯೂಟಿಯವರು ಅದರ ಮೇಲೆಯೇ ಟೇಪ್ ಇಡಲಿ. ದಿನವೂ ಒಂದೇ ಹೊತ್ತು, ಒಂದೇ ಭಂಗಿ, ತಿಂಡಿಗೆ ಮೊದಲು, ಮೂತ್ರ ಮಾಡಿದ ಮೇಲೆ. ಜೊತೆಗೆ ತೂಕ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಕೊಡುವಾಗ ಕಾಲು ಬಾವು ಇಲ್ಲದವರಲ್ಲಿ ದಿನಕ್ಕೆ ಅರ್ಧ ಕಿಲೋ, ಬಾವು ಇರುವವರಲ್ಲಿ 1 ಕಿಲೋಗಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಬೇಕು.

ಬೇಲೂರು ಹುಡುಗಿ
ಆಪರೇಷನ್ ಆದ ಮೇಲೆ ಕರುಳಿನ ಸದ್ದು ಬರೋವರೆಗೂ ನೀರು ಕೊಡಬಾರದು ಅಂತಾರಲ್ಲ, ಅದು?

ಸರ್ಜಿಕಲ್ ನೈಟ್ ಡ್ಯೂಟಿ
ಹಳೇ ಪದ್ಧತಿ, ಈಗ ಸಡಿಲ ಆಗ್ತಿದೆ. ಸಣ್ಣಕರುಳು ಒಂದು ದಿನದೊಳಗೆ ಎಚ್ಚರ ಆಗುತ್ತೆ, ಜಠರ 24ರಿಂದ 48 ಗಂಟೆ, ದೊಡ್ಡಕರುಳು 48ರಿಂದ 72. ನೀವು ಕೇಳೋದು ಬಹುಪಾಲು ಸಣ್ಣಕರುಳು, ಜಠರದ್ದು. ಹಾಗಾಗಿ ಸದ್ದು ಬಂದ ಮಾತ್ರಕ್ಕೆ ದಾರಿ ಪೂರ್ತಿ ತೆರೆದಿದೆ ಅಂತಲ್ಲ. ಗಾಳಿ ಹೋಯ್ತಾ, ಎರಡಕ್ಕೆ ಆಯ್ತಾ, ಕುಡಿದಿದ್ದು ವಾಂತಿ ಆಗದೆ ನಿಲ್ತಾ, ಹೊಟ್ಟೆ ಉಬ್ಬದೆ ಇದೆಯಾ ಇವೇ ಹೆಚ್ಚು ನಂಬಿಕೆಯವು. ಬಾಯಿಗೆ ಯಾವಾಗ ಅನ್ನೋದು ಸರ್ಜನ್ ಆರ್ಡರ್, ನಿಮ್ಮ ಸ್ಟೆತ್ ಅಲ್ಲ. ಗಾಳಿ ಹೋಯ್ತಾ ಅಂತ ಕೇಳೋಕೆ ನಾಚ್ಕೋಬೇಡಿ, ಅಕ್ಕಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿ. ಮೂರನೇ ದಿನವೂ ಹೊಟ್ಟೆ ಉಬ್ಬಿ ಸದ್ದಿಲ್ಲ ಅಂದ್ರೆ ಪೊಟ್ಯಾಸಿಯಮ್ ರಿಪೋರ್ಟ್ ನೋಡಿ, 3.5ಕ್ಕಿಂತ ಕಡಿಮೆ ಇದ್ರೆ ಕರುಳು ಮಲಗಿರುತ್ತೆ. ನೋವಿಗೆ ಮಾರ್ಫಿನ್ ಥರದ್ದು ಹೋಗ್ತಿದೆಯಾ ಅದನ್ನೂ ನೋಡಿ.

ಸಿಸೇರಿಯನ್ ತಾಯಂದಿರಲ್ಲಿ ಇನ್ನೊಂದು. ಗರ್ಭಕೋಶ ಹೊಕ್ಕಳ ಮೇಲೆ, ಬಲಕ್ಕೆ ವಾಲಿ ಸಿಕ್ರೆ ಮೊದಲು ಕ್ಯಾತಿಟರ್ ಬ್ಲಾಕ್ ಆಗಿದೆಯಾ ನೋಡಿ. ತುಂಬಿದ ಮೂತ್ರಕೋಶವೇ ಅದನ್ನ ತಳ್ಳಿರುತ್ತೆ, ಗರ್ಭಕೋಶ ಬಿಗಿಯಾಗದೆ ರಕ್ತ ಹೋಗುತ್ತೆ.

ಅರಸೀಕೆರೆ ಜಿಎನ್‌ಎಂ
ಕೊನೆಯದಾಗಿ ಚಾರ್ಟಲ್ಲಿ ಹೇಗೆ ಬರೆಯೋದು? ಎಲ್ಲರೂ ಬರೆಯೋದು "ಪಿ/ಎ ಸಾಫ್ಟ್, ಬಿಎಸ್ ಪ್ಲಸ್" (ಹೊಟ್ಟೆ ಮೆತ್ತಗಿದೆ, ಕರುಳಿನ ಸದ್ದಿದೆ).

ಹೇಮಾವತಿ ದಂಡೆ
ಅದು ಹೊಟ್ಟೆ ಮುಟ್ಟದೆಯೂ ಬರೆಯಬಹುದಾದ ಸಾಲು. ಹೀಗೆ ಬರೆಯಿರಿ: "ಬೆಳಗ್ಗೆ 9. ಹೊಟ್ಟೆ ಉಬ್ಬಿದೆ, ಸುತ್ತಳತೆ 94 ಸೆಂ.ಮೀ., ನಿನ್ನೆ 91. ಕರುಳಿನ ಸದ್ದು ನಿಮಿಷಕ್ಕೆ 3, ಮಂದ. ತಟ್ಟಿದಾಗ ಎಲ್ಲ ಕಡೆ ಟೊಳ್ಳು. ಬಲ ಕೆಳಭಾಗದಲ್ಲಿ ಹಗುರ ಸ್ಪರ್ಶಕ್ಕೂ ನೋವು, 10ಕ್ಕೆ 6, ಬಿಗಿ ಇಲ್ಲ. ನಿನ್ನೆ ಸಂಜೆಯಿಂದ ಗಾಳಿ ಹೋಗಿಲ್ಲ. 9.10ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ." ಮುಂದಿನ ಡ್ಯೂಟಿಯವರು ಇದನ್ನು ಓದಿ ತಮ್ಮ ಕೈಗೆ ಸಿಕ್ಕಿದ್ದರ ಜೊತೆ ಹೋಲಿಸಬಹುದು.

ಬೇಲೂರು ಹುಡುಗಿ
ಮೇಡಂ, ಪ್ರಾಕ್ಟಿಕಲ್‌ನಲ್ಲಿ ರೋಗಿ ಬದಲು ಮ್ಯಾನಿಕಿನ್ (ಗೊಂಬೆ) ಕೊಟ್ರೆ? ಅದಕ್ಕೆ ಮಂಡಿ ಮಡಚೋಕೂ ಬರಲ್ಲ.

ಕಳಸದ ಸಿಸ್ಟರ್
ಮಂಡಿ ಕೆಳಗೆ ಒಂದು ದಿಂಬು ಇಡು. "ಒಂದಕ್ಕೆ ಹೋಗಿ ಬಂದ್ರಾ?" ಅಂತ ಅದನ್ನೂ ಕೇಳು, ಕೈ ಉಜ್ಜಿ ಬಿಸಿ ಮಾಡ್ಕೋ, ಮುಖ ನೋಡ್ತಾ ಒತ್ತು. ಮುಗಿದ ಮೇಲೆ ಶೀಟು ಮುಚ್ಚಿ ಪರದೆ ತೆಗಿ. ಮ್ಯಾನಿಕಿನ್ ಆದ್ರೂ ಮುಚ್ಚದೇ ಬಂದ್ರೆ ಮಾರ್ಕ್ಸ್ ಹೋಗ್ತದೆ.